ಹುಲ್ಲುಗಾವಲು ಬಂಜರಲ್ಲ

ಚಾತುರ್ಮಾಸದಲ್ಲಿ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುವುದೇಕೆಂದು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಮಳೆಗೆ ಚಿಗುರಿದ ಹುಲ್ಲು, ಅದರಲ್ಲಿ ಹುಟ್ಟಿದ ಅಸಂಖ್ಯ ಜೀವಿಗಳು ಕಾಲಡಿ ಸಿಲುಕಬಾರದೆಂಬುದೇ ಕಾರಣ. ಅದೇ ತಿಂಗಳುಗಳಲ್ಲಿ ಅದೇ ಹುಲ್ಲನ್ನು ಯಂತ್ರದಿಂದ ಅಗೆದು, ಸಾವಿರ ಸಸಿ ನೆಟ್ಟು, ಜೀವದಯೆಯ ಕಾರ್ಯವೆಂದು ವಾರ್ಷಿಕ ವರದಿಯಲ್ಲಿ ಮುದ್ರಿಸುವುದು ಯಾವ ಧರ್ಮ? ನೆಟ್ಟ ಸಸಿಗಳು ಜಮೆಯ ಬದಿಗೆ ಬರುತ್ತವೆ. ಒಡೆದ ಮೊಟ್ಟೆಗಳಿಗೆ ಯಾವ ಖಾತೆಯೂ ಇಲ್ಲ.

ಚಂದ್ರಂಪಳ್ಳಿಯ ಜಲಾಶಯವನ್ನು ಸುತ್ತುವರಿದ ಕಾಡು 2011ರಲ್ಲಿ ಘೋಷಿತವಾದ ಚಿಂಚೋಳಿ ವನ್ಯಜೀವಿಧಾಮಕ್ಕೆ ಸೇರಿ ಕಾಯ್ದೆಯ ರಕ್ಷಣೆ ಪಡೆದಿದೆ. ಆದರೆ ಮಳಖೇಡದ ನೇಮಿನಾಥ ಬಸದಿಗೆ ಹೋಗುವ ಯಾತ್ರಿಕರು ಸೇಡಂ, ಚಿತ್ತಾಪುರಗಳ ಕಡೆ ಕಾಣುವ ಗಾಯರಾಣಗಳಿಗೆ 'ಬಂಜರು' ಎಂಬ ಹಣೆಪಟ್ಟಿಯೊಂದೇ ಗತಿ.

ಆ ಬಂಜರಿನಲ್ಲಿ ಗರಿಕೆ, ಕರಡಗಳ ನಡುವೆ ವಿಷ್ಣುಕ್ರಾಂತಿ, ತುಂಬೆ, ನೆಗ್ಗಿಲುಗಳಿವೆ. ಒಂದೊಂದರ ಬೀಜ ಮಾಗುವ ಕಾಲ ಬೇರೆ, ಆಶ್ರಯಿಸುವ ಕೀಟ ಬೇರೆ. ನೆಲಗುಬ್ಬಿಗೆ ಗಿಡ್ಡ ಹುಲ್ಲಿನ ಬಯಲು ಬೇಕು. ಲಾವುಗೆಗೆ ಮೊಟ್ಟೆ ಬಚ್ಚಿಡಲು ದಟ್ಟ ಹುಲ್ಲು ಬೇಕು. ಗೌಜಲಿಗೆ ಪಕ್ಕದಲ್ಲೇ ಮುಳ್ಳುಪೊದೆ ಬೇಕು. ಚಳಿಗಾಲದಲ್ಲಿ ಹೊರದೇಶದಿಂದ ಬರುವ ಸೆಳೆವ ಎಂಬ ಬೇಟೆಹಕ್ಕಿ ರಾತ್ರಿ ತಂಗುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನೊಳಗೆ, ನೆಲದ ಮೇಲೆ. ಕಾಳು ತಿನ್ನುವ ಹಕ್ಕಿಗಳಲ್ಲಿಯೂ ಬಹುಪಾಲು ಮರಿಗಳಿಗೆ ಉಣಿಸುವುದು ಹುಳುಗಳನ್ನೇ. ಬಸದಿಯ ಅಂಗಳದಲ್ಲಿ ಜೋಳ ಚೆಲ್ಲಿದರೆ ಪಾರಿವಾಳಗಳು ಹೆಚ್ಚಾವು, ನೆಲಗುಬ್ಬಿ ಬಾರದು.

ಒಂದೇ ಜಾತಿಯ ನೆಡುತೋಪು ಎದ್ದರೆ ನೆರಳಿಗೆ ಹುಲ್ಲು ಸಾಯುತ್ತದೆ. ಕೊಂಬೆಯ ಮೇಲೆ ಕುಳಿತ ಕಾಗೆಗೆ ಉಳಿದ ಗೂಡುಗಳೂ ಕಾಣುತ್ತವೆ. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ಬೆಳೆಸಲಾಯಿತು. 1974ರಲ್ಲಿ ಅಲ್ಲಿಯ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗಧಾಮವೆನಿಸಿದರೂ ಎರೆಭೂತವೆಂಬ ದೊಡ್ಡ ಹಕ್ಕಿ ಅಲ್ಲಿ ಉಳಿಯಲಿಲ್ಲ. ಬೇಟೆಯ ಪಾಲೂ ಅದರಲ್ಲಿದೆ, ನಿಜ. ಬೇಟೆಗಾರನನ್ನು ಪಾಪಿಯೆನ್ನುವ ಸಮಾಜ ನೆಡುತೋಪನ್ನು ಮಾತ್ರ ಪುಣ್ಯವೆಂದೇ ಭಾವಿಸುತ್ತದೆ.

ಮರ ನೆಡುವುದೂ ಹಿಂಸೆಯೇ, ಕೊಲ್ಲುವ ಸಂಕಲ್ಪವೆಲ್ಲಿತ್ತು ಎಂದು ಟ್ರಸ್ಟಿಗಳು ಕೇಳಬಹುದು. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಮೊದಲಿಟ್ಟದ್ದು ಪ್ರಮಾದವನ್ನು. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಸಸ್ಯ ಕಡಿಯುವುದನ್ನೂ ಸಮಂತಭದ್ರರು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಹುಲ್ಲೂ ಮರದಂತೆಯೇ ವನಸ್ಪತಿಕಾಯ. ಅದರ ಮರೆಯಲ್ಲಿರುವ ಹಕ್ಕಿಯಾದರೋ ಪಂಚೇಂದ್ರಿಯ ಜೀವ.

ಕಲಬುರಗಿಯ ಬಿಸಿಲಿಗೆ ನೆರಳು ಬೇಡವೆಂದಲ್ಲ. ಶಹಾಬಾದ್, ವಾಡಿಗಳ ರಸ್ತೆಬದಿಯಲ್ಲಿ, ಕೈಬಿಟ್ಟ ಕಲ್ಲುಗಣಿಗಳ ಅಂಚಿನಲ್ಲಿ, ಬಸದಿಯ ಆವರಣದಲ್ಲಿ ಬೇವು, ಹುಣಸೆ ಬೆಳೆಯಲಿ. ಟ್ರಸ್ಟಿಗೆ ಸೇರಿದ ಹುಲ್ಲುನೆಲವಿದ್ದರೆ ಅದಕ್ಕೆ ಬೆಂಕಿಯಿಡಬಾರದು. ಬೀಜ ಉದುರಿದ ಮೇಲೆ ಕೊಯ್ದು ಗೋಶಾಲೆಗೆ ಒಪ್ಪಿಸಬೇಕು. ಪ್ರತಿವರ್ಷ ಒಂದು ಭಾಗವನ್ನು ಕೊಯ್ಯದೆಯೇ ಬಿಡಬೇಕು.