ಕಸಕ್ಕೆಲ್ಲ ತಳ್ಳುಗಾಡಿಯೇ ಹೊಣೆಯೇ?

ಹೊಸೂರಾಗಲಿ ಸೊಲ್ಲಾಪುರವಾಗಲಿ, ಪಟ್ಟಣ ಬೆಳೆದಂತೆ ಗಲೀಜಿನ ಕೂಗೂ ಬೆಳೆಯುತ್ತದೆ. ಮೊದಲ ಏಟು ಬೀಳುವುದು ತಳ್ಳುಗಾಡಿಗೆ. ಎಳನೀರು ಬುರುಡೆ, ಕೊಳೆತ ಸೊಪ್ಪು ನಮ್ಮವೇ, ಅಲ್ಲವೆನ್ನುವುದಿಲ್ಲ. ವ್ಯಾಪಾರಿ ಕಸದ ಬುಟ್ಟಿ ಇಟ್ಟುಕೊಂಡು, ನಗರಾಡಳಿತ ಗೊತ್ತುಮಾಡಿದ ತೊಟ್ಟಿಗೋ ಗಾಡಿಗೋ ಹಾಕಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಬುಟ್ಟಿ ನಾವಿಡುತ್ತೇವೆ. ತೊಟ್ಟಿ ಎಲ್ಲಿ? ಸಂಜೆ ಸಂತೆ ಮುಗಿಯುವಾಗ ಗಾಡಿ ಎಲ್ಲಿ?

2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ, ಪ್ರಮಾಣಪತ್ರವಿರುವವರನ್ನು 30 ದಿನದ ನೋಟೀಸಿಲ್ಲದೆ ಎಬ್ಬಿಸಕೂಡದು. ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಆ ಕುರ್ಚಿಗಳನ್ನು ಕೇಳಿ ಪಡೆಯೋಣ. ಕಸದ ಗಾಡಿ ಬರುವ ವೇಳೆಯನ್ನು ಅಲ್ಲಿಯೇ ಗೊತ್ತುಮಾಡಿಸೋಣ.

ಸಹೋದರ ಸಹೋದರಿಯರೇ, ಅಂದಿನವರೆಗೂ ಮನೆಗೆ ಹೊರಡುವ ಮುನ್ನ ನಮ್ಮ ಜಾಗ ನಾವೇ ಗುಡಿಸೋಣ. ಬೆಳಗಿನ ಜಾವ ಅಲ್ಲಿ ಪೊರಕೆ ಹಿಡಿಯುವವರೂ ನಮ್ಮಂತೆಯೇ ಬೆವರು ಸುರಿಸಿ ಉಣ್ಣುವವರು.