ಮೊದಲು ತಕ್ಕಡಿ, ಆಮೇಲೆ ಮೋಟರು

ಒಬ್ಬರೋ ಇಬ್ಬರೋ ಕೂರುವಂಥ ಪುಟ್ಟ ಜಲಾಂತರ್ಗಾಮಿಯನ್ನು ಸ್ವಂತ ಶೆಡ್ಡಿನಲ್ಲಿ ಕಟ್ಟುವ ಹವ್ಯಾಸಿಗಳು ಅಮೆರಿಕ, ಯುರೋಪುಗಳಲ್ಲಿದ್ದಾರೆ. ಅಂಥದ್ದನ್ನು ಕಂಡವರು ಮೊದಲು ಕೇಳುವುದು ‘ಮೋಟರು ಎಷ್ಟು ಶಕ್ತಿಯದು?’ ಎಂದು. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು: ಮೋಟರು ಕೆಟ್ಟು ನಿಂತರೆ ಇದು ಮೇಲೆ ಬರುತ್ತದೋ, ಕೆಳಗೆ ಹೋಗುತ್ತದೋ?

ಭಾರ ಎಂದರೆ ಹೊರೆ, ಹಗುರ ಎಂದರೆ ಸುಖ ಎಂದೇ ನಮಗೆ ರೂಢಿ. ಕಾರಿಗೂ ವಿಮಾನಕ್ಕೂ ಅದು ಸರಿ. ನೀರಿನಡಿ ಸಲ್ಲದು. ಹಡಗಿನ ಒಡಲು 2 ಘನ ಮೀಟರ್ ನೀರನ್ನು ಸರಿಸುತ್ತದೆ ಎಂದಿಟ್ಟುಕೊಳ್ಳಿ. ಕೆರೆಯೊಳಗೆ ಅದು ಏಳದೆ ಇಳಿಯದೆ ನಿಲ್ಲಬೇಕಾದರೆ ಒಳಗೆ ಕೂತವರೂ ಸೇರಿ 2000 ಕಿಲೋ ತೂಗಬೇಕು. ಅದನ್ನೇ ಸಮುದ್ರಕ್ಕೆ ಒಯ್ದರೆ ಉಪ್ಪುನೀರಿನ ಸಾಂದ್ರತೆ ಹೆಚ್ಚು. ಇನ್ನೂ ಸುಮಾರು 50 ಕಿಲೋ ಸೀಸ ಹೇರದೆ ಮುಳುಗುವುದೇ ಇಲ್ಲ. 60 ಕಿಲೋ ಚಾಲಕರ ಜಾಗದಲ್ಲಿ 85 ಕಿಲೋದವರು ಕೂತರೆ 25 ಕಿಲೋ ಇಳಿಸಬೇಕು.

‘ಇಷ್ಟೆಲ್ಲ ತೂಗಿ ನೋಡುವ ರಗಳೆ ಯಾಕೆ? ಹೆಚ್ಚುಕಡಿಮೆಯನ್ನು ಮೇಲೆ ಕೆಳಗೆ ತಳ್ಳುವ ಮೋಟರು ನೋಡಿಕೊಳ್ಳುತ್ತದೆ’ ಎಂಬ ವಾದವಿದೆ. ಲೆಕ್ಕ ಹಾಕಿ ನೋಡೋಣ. ಹವ್ಯಾಸಿಗಳು ಹೆಚ್ಚಾಗಿ ಬಳಸುವುದು ಮೀನು ಹಿಡಿಯುವ ದೋಣಿಯ 12 ವೋಲ್ಟ್ ಮೋಟರು. 55 ಪೌಂಡ್, ಅಂದರೆ ಸುಮಾರು 25 ಕಿಲೋ ತಳ್ಳುವಂಥದ್ದು ಪೂರ್ತಿ ವೇಗದಲ್ಲಿ 50 ಆಂಪಿಯರ್‌ನಷ್ಟು ವಿದ್ಯುತ್ ಎಳೆಯುತ್ತದೆ. ಹಡಗು 20 ಕಿಲೋ ಹೆಚ್ಚು ತೂಗಿದರೆ, ಅದು ಮುಳುಗದಂತೆ ಹಿಡಿದಿಡಲು ಇಂಥದ್ದೊಂದು ಮೋಟರು ಬಿಡುವಿಲ್ಲದೆ ಓಡಬೇಕು. 100 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ಅಷ್ಟಾಗಿಯೂ ಮುಂದಕ್ಕೆ ಒಂದಡಿ ಸಾಗಿರುವುದಿಲ್ಲ. ಬ್ಯಾಟರಿ ಮುಗಿದಾಗ ಆ 20 ಕಿಲೋ ಅಲ್ಲೇ ಇರುತ್ತದೆ.

ಈ ವಿವೇಕ ಹೊಸದೇನಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದ ಹೊತ್ತಿಗೆ, 1775ರಲ್ಲಿ, ಕನೆಕ್ಟಿಕಟ್‌ನ ಡೇವಿಡ್ ಬುಶ್ನೆಲ್ ‘ಟರ್ಟಲ್’ ಎಂಬ ಒಬ್ಬರ ಜಲಾಂತರ್ಗಾಮಿ ಕಟ್ಟಿದ. ಮರದ ಒಡಲು, ಕೈಯಿಂದ ತಿರುಗಿಸುವ ತಿರುಪುಗಳು. ಚಾಲಕ ಮೊದಲು ನೀರು ತುಂಬಿಸಿಕೊಂಡು ತೂಕ ಸರಿದೂಗಿಸಬೇಕು. ಆಮೇಲಷ್ಟೇ ಮೇಲಿನ ತಿರುಪಿನಿಂದ ಏರುವುದು, ಇಳಿಯುವುದು. ತಳದ ಸೀಸದಲ್ಲಿ ಸುಮಾರು 200 ಪೌಂಡನ್ನು ಒಳಗಿನಿಂದಲೇ ಕೆಳಕ್ಕೆ ಬಿಡಬಹುದಿತ್ತು. ಅವಘಡವಾದರೆ ತಕ್ಷಣ ಮೇಲೇಳಲು ಆ ಏರ್ಪಾಡು.

1776ರ ಸೆಪ್ಟೆಂಬರಿನಲ್ಲಿ ಎಜ್ರಾ ಲೀ ಅದರಲ್ಲಿ ಕೂತು ನ್ಯೂಯಾರ್ಕ್ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆ ‘ಈಗಲ್’ಗೆ ಸಿಡಿಮದ್ದು ಕಟ್ಟಲು ಹೋದ. ಉಬ್ಬರವಿಳಿತದ ಸೆಳೆತದೊಡನೆ ಗಂಟೆಗಟ್ಟಲೆ ಗುದ್ದಾಡಿದ, ಸಿಡಿಮದ್ದು ಕಟ್ಟಲಾಗಲಿಲ್ಲ. ಆದರೆ ಜೀವಂತ ಮರಳಿದ.

ಸೆಳೆತದ ಎದುರು ತೋಳ್ಬಲ ಸಾಲದೆಂಬುದೂ ಅಲ್ಲೇ ಗೊತ್ತಾಯಿತಲ್ಲ, ಮೋಟರು ಬೇಡವೇ? ಬೇಕು. ಆದರೆ ನೀರಿನಲ್ಲಿ ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ವೇಗದ ಆಸೆಗೆ ಬಿದ್ದರೆ ಬ್ಯಾಟರಿ ಬೆಳೆಯುತ್ತದೆ, ಅದನ್ನು ತುಂಬಲು ಒಡಲು ಬೆಳೆಯುತ್ತದೆ, ಆ ಒಡಲನ್ನು ತಳ್ಳಲು ಮತ್ತೆ ದೊಡ್ಡ ಮೋಟರು. ಇದಕ್ಕೆ ಕೊನೆಯಿಲ್ಲ.

ಇದರಿಂದ ಹೊರಬರುವ ದಾರಿಯೂ ತಕ್ಕಡಿಯಲ್ಲೇ ಇದೆ. ಆ 2000 ಕಿಲೋವನ್ನು ಹೇಗೂ ತುಂಬಬೇಕು. ಸುಮ್ಮನೆ ಕೂರುವ ಸೀಸದ ಬದಲು ದುಡಿಯುವ ಬ್ಯಾಟರಿಯಿಂದ ತುಂಬಿ, ಅದನ್ನು ತಳದಲ್ಲಿಡಿ. ಭಾರ ಕೆಳಗಿದ್ದರೆ ಹಡಗು ತಂಜಾವೂರು ಗೊಂಬೆಯಂತೆ, ಎಷ್ಟು ವಾಲಿದರೂ ನೆಟ್ಟಗಾಗುತ್ತದೆ. ಆದರೆ ಎಲ್ಲ ಸೀಸವನ್ನೂ ತೆಗೆಯಬೇಡಿ. ವಿದ್ಯುತ್ತಿಲ್ಲದೆ, ಕತ್ತಲಲ್ಲಿ, ಒಂದೇ ಕೈಯಲ್ಲಿ ಕಳಚಿ ಬೀಳಿಸಬಹುದಾದ ಒಂದು ತುಂಡು ಉಳಿಯಲೇಬೇಕು.

ಮುಂದೆ ಯಾರಾದರೂ ತಾವು ಕಟ್ಟಿದ ಜಲಾಂತರ್ಗಾಮಿಯನ್ನು ಹೆಮ್ಮೆಯಿಂದ ತೋರಿಸಿದರೆ, ವೇಗ ಕೇಳುವ ಮುನ್ನ ಆ ತುಂಡು ಎಲ್ಲಿದೆ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಒಳಗೆ ಕೂರಬೇಡಿ.