ಅಮೇರಿಕದ ಕಪ್ಪು ಜನರೂ ಪುಸ್ತಕೋದ್ಯಮವೂ

2020ನೆಯ ಇಸವಿಯ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡನು ಪೋಲೀಸನೊಬ್ಬನ ಮೊಣಕಾಲಿನಡಿಯಲ್ಲಿ ಅಸುನೀಗಿದ ತರುವಾಯ, ಅಮೇರಿಕದ ಬಿಳಿಯ ಸುಶಿಕ್ಷಿತರಲ್ಲಿ ಪುಸ್ತಕ ಕೊಳ್ಳುವ ಉತ್ಸಾಹವೊಂದು ಉಕ್ಕಿತು. ಕಪ್ಪು ಜನರ ಅಂಗಡಿಗಳಲ್ಲಿಯೇ ಕೊಳ್ಳಬೇಕೆಂಬ ಕೂಗು ದೇಶವೆಲ್ಲ ಹಬ್ಬಿ, ಆ ಸಣ್ಣ ಅಂಗಡಿಗಳು ಬಂದ ಬೇಡಿಕೆಗಳನ್ನು ಪೂರೈಸಲಾರದೆ ಕಂಗೆಟ್ಟುವು. ಆದರೆ ಅಂದು ರಾಶಿರಾಶಿಯಾಗಿ ಮಾರಾಟವಾದ ಪುಸ್ತಕಗಳು ಯಾರವು? ಅಗ್ರಗಣ್ಯವಾಗಿದ್ದ ‘ವೈಟ್ ಫ್ರಜಿಲಿಟಿ’ಯ ಕರ್ತೃ ಬಿಳಿಯ ಮಹಿಳೆ. ಕಪ್ಪು ಪಂಡಿತರಾದ ಇಬ್ರಾಮ್ ಕೆಂಡಿಯವರ ಗ್ರಂಥವನ್ನು ಪ್ರಕಟಿಸಿದ್ದುದು ಪೆಂಗ್ವಿನ್ ರ್‍ಯಾಂಡಮ್ ಹೌಸ್. ಅದರ ಒಡೆತನ ಜರ್ಮನಿಯ ಬರ್ಟೆಲ್ಸ್‌ಮನ್ ಕಂಪನಿಯದು. ಮಾರಿದವನಿಗೆ ಕಮಿಷನ್ ದೊರೆಯಿತು, ಬರೆದವನಿಗೆ ಗೌರವಧನ ದೊರೆಯಿತು. ಪ್ರಕಟನೆಯ ಸ್ವಾಮ್ಯವು ಇದ್ದಲ್ಲಿಯೇ ಇದ್ದಿತು.

ಕಪ್ಪು ಜನಕ್ಕೆ ಈ ಭೇದವು ಹೊಸದಾಗಿ ತಿಳಿದುದಲ್ಲ. ತಮ್ಮ ವಕಾಲತ್ತನ್ನು ತಾವೇ ನಡೆಸಬೇಕೆಂಬ ಸಂಕಲ್ಪದಿಂದಲೇ ಅವರು 1827ರಲ್ಲಿ ನ್ಯೂಯಾರ್ಕಿನಲ್ಲಿ ‘ಫ್ರೀಡಮ್ಸ್ ಜರ್ನಲ್’ ಪತ್ರಿಕೆಯನ್ನು ತೆರೆದರು. ಅದು ಗುಲಾಮಗಿರಿ ಇನ್ನೂ ಊರ್ಜಿತದಲ್ಲಿದ್ದ ಕಾಲ. 1965ರಲ್ಲಿ ಡೆಟ್ರಾಯಿಟಿನ ಡಡ್ಲಿ ರ್‍ಯಾಂಡಲ್ ಎಂಬ ಗ್ರಂಥಪಾಲರು ಒಂದೊಂದು ಹಾಳೆಯಲ್ಲಿ ಒಂದೊಂದು ಕವಿತೆಯನ್ನು ಅಚ್ಚುಮಾಡಿ ಬ್ರಾಡ್‌ಸೈಡ್ ಪ್ರೆಸ್ಸನ್ನು ಆರಂಭಿಸಿದರು. 1967ರಲ್ಲಿ ಹಾಕಿ ಮಧುಬುಟಿಯವರು ಶಿಕಾಗೋದ ನೆಲಮಾಳಿಗೆಯೊಂದರಲ್ಲಿ 400 ಡಾಲರ್ ಬಂಡವಾಳವನ್ನೂ ಹಳೆಯದೊಂದು ಸೈಕ್ಲೋಸ್ಟೈಲ್ ಯಂತ್ರವನ್ನೂ ಇಟ್ಟುಕೊಂಡು ಥರ್ಡ್ ವರ್ಲ್ಡ್ ಪ್ರೆಸ್ಸನ್ನು ಕಟ್ಟಿದರು. 1950ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಮೊದಲ ಕಪ್ಪು ಲೇಖಕಿ ಗ್ವೆಂಡೊಲಿನ್ ಬ್ರೂಕ್ಸರು, ಪ್ರಸಿದ್ಧವಾದ ಹಾರ್ಪರ್ ಸಂಸ್ಥೆಯನ್ನು ಬಿಟ್ಟು, 1969ರಲ್ಲಿ ತಮ್ಮ ಹೊಸ ಕೃತಿಯನ್ನು ರ್‍ಯಾಂಡಲ್‌ರ ಕೈಗಿತ್ತರು. ಹೆಸರಾದ ಲೇಖಕಿಯೊಬ್ಬಳು ಹೀಗೆ ಬಂದರೆ, ಆ ಸಣ್ಣ ಸಂಸ್ಥೆಗೆ ಅದು ಹತ್ತು ಧನಿಕರ ದೇಣಿಗೆಗಿಂತ ಮಿಗಿಲಾದ ನೆರವು. ಆದರೂ ಬ್ರಾಡ್‌ಸೈಡ್ ಸಂಸ್ಥೆಯು ಸಾಲದಲ್ಲಿ ಸಿಲುಕಿ ಮುಂದಿನ ದಶಕದಲ್ಲಿಯೇ ಬೇರೆಯವರ ಕೈಸೇರಿತು. ಕೀರ್ತಿಯಿಂದ ಕಾಗದದ ಬಿಲ್ಲು ತೀರುವುದಿಲ್ಲವಷ್ಟೆ.

ದೊಡ್ಡ ಸಂಸ್ಥೆಗಳೇ ತಿದ್ದಿಕೊಂಡರೆ ಸಾಲದೇ ಎಂದು ಕೆಲವರು ಕೇಳುವರು. 1950ರಿಂದ 2018ರವರೆಗೆ ಮುಖ್ಯ ಸಂಸ್ಥೆಗಳು ಹೊರತಂದ ಕಥಾಸಾಹಿತ್ಯದ ಏಳು ಸಾವಿರಕ್ಕೂ ಮಿಕ್ಕಿದ ಪುಸ್ತಕಗಳನ್ನು ಪರಿಶೀಲಿಸಿದಾಗ, ಶೇಕಡಾ 95 ಬಿಳಿಯರವೇ ಎಂದು ಕಂಡುಬಂದಿತು. ಈ ಸಂಗತಿಯನ್ನು 2020ರ ಡಿಸೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿತು. ಅದೇ ವರ್ಷ ಪ್ಯಾಂಥಿಯನ್ ಪ್ರಕಾಶನಕ್ಕೆ ಮುಖ್ಯಸ್ಥೆಯಾಗಿ ನೇಮಕಗೊಂಡ ಲಿಸಾ ಲೂಕಸ್ ಎಂಬ ಕಪ್ಪು ಮಹಿಳೆಯನ್ನು 2024ರ ಮೇ ತಿಂಗಳಿನಲ್ಲಿ ಕೆಲಸದಿಂದ ಬಿಡಿಸಲಾಯಿತು. ಪ್ಯಾಂಥಿಯನ್ ಮೇಲೆ ಹೇಳಿದ ಪೆಂಗ್ವಿನ್ ಬಳಗಕ್ಕೇ ಸೇರಿದುದು. ನೇಮಿಸಿದ ಕೈಗೆ ತೆಗೆಯುವ ಅಧಿಕಾರವೂ ಉಂಟು. ವಿದೇಶೀ ಗಿರಣಿಯಲ್ಲಿ ನಾಲ್ಕು ಗುಮಾಸ್ತಗಿರಿಗಳು ದೊರೆತುದನ್ನು ಸ್ವದೇಶೀ ಎಂದು ನಮ್ಮ ಹಿರಿಯರು ಎಂದೂ ಕರೆಯಲಿಲ್ಲ.

ಪ್ರಕಾಶಕನ ನಿಜವಾದ ಆಸ್ತಿಯೆಂದರೆ ಹಳೆಯ ಪುಸ್ತಕಗಳ ಪಟ್ಟಿ. 1978ರಲ್ಲಿ ಬಾಲ್ಟಿಮೋರಿನಲ್ಲಿ ಬ್ಲ್ಯಾಕ್ ಕ್ಲಾಸಿಕ್ ಪ್ರೆಸ್ಸನ್ನು ಸ್ಥಾಪಿಸಿದ ಪಾಲ್ ಕೋಟ್ಸರು ಇದನ್ನು ಚೆನ್ನಾಗಿ ಅರಿತಿದ್ದರು. ದೊಡ್ಡವರು ಅಚ್ಚು ನಿಲ್ಲಿಸಿದ್ದ ಗ್ರಂಥಗಳನ್ನು ಅವರು ಮರಳಿ ಅಚ್ಚುಮಾಡಿದರು. ಮುಂದೆ ತಮ್ಮದೇ ಮುದ್ರಣ ವ್ಯವಸ್ಥೆಯನ್ನೂ ಹೂಡಿದರು. 1997ರಲ್ಲಿ, ಪತ್ತೇದಾರಿ ಕಾದಂಬರಿಗಳಿಂದ ಖ್ಯಾತರಾದ ವಾಲ್ಟರ್ ಮೋಸ್ಲಿಯವರು ತಮ್ಮದೊಂದು ಕಾದಂಬರಿಯನ್ನು ಅವರಿಗೇ ಕೊಟ್ಟರು. ಯಾವ ಗ್ರಂಥವು ಬದುಕಿರಬೇಕು, ಯಾವುದು ಅಳಿಯಬೇಕೆಂಬ ತೀರ್ಮಾನವು ಇಂತಹ ಪಟ್ಟಿಗಳಲ್ಲಿಯೇ ಅಡಗಿದೆ.

ಇಂತಹ ಪಟ್ಟಿಗೆ ಒಂದು ತಿಂಗಳ ಕರುಣೆಯಿಂದ ಪ್ರಯೋಜನವಿಲ್ಲ. ಶಾಲೆಗಳೂ ಸಾರ್ವಜನಿಕ ಗ್ರಂಥಾಲಯಗಳೂ ವರ್ಷವರ್ಷವೂ ಕಳುಹಿಸುವ ಬೇಡಿಕೆ, ಸಕಾಲದಲ್ಲಿ ಹಣ ಪಾವತಿ, ನೆಚ್ಚತಕ್ಕ ಸಗಟು ವ್ಯಾಪಾರಿ, ಇವು ಬೇಕು. ಸುಮಾರು 400 ಸಣ್ಣ ಪ್ರಕಾಶಕರ ಪುಸ್ತಕಗಳನ್ನು ಹಂಚುತ್ತಿದ್ದ ಸ್ಮಾಲ್ ಪ್ರೆಸ್ ಡಿಸ್ಟ್ರಿಬ್ಯೂಷನ್ ಎಂಬ ಸಂಸ್ಥೆಯು 2024ರ ಮಾರ್ಚ್ ಕೊನೆಯಲ್ಲಿ ಹಠಾತ್ತಾಗಿ ಬಾಗಿಲು ಹಾಕಿದಾಗ, ಅನೇಕರ ಬಾಕಿ ಹಣವೂ ದಾಸ್ತಾನೂ ಅಲ್ಲಿಯೇ ಸಿಕ್ಕಿಬಿದ್ದುವು.